ಯಾವ ಕಂಪೆನಿ ಒಳ್ಳೇದು, ಅಕ್ಕಾ?

ಕಳೆದ ಸಂಚಿಕೆಯಲ್ಲಿ ಹಲಸಿನಕಾಯಿ ಹಪ್ಪಳದ ಹದ ಬರೆದ ಮೇಲೆ ಕಾಗದಗಳ ಕಟ್ಟೇ ಬಂತು. ಅದರಲ್ಲಿ ಒಂದು ಕಾಗದದಲ್ಲಿ ಮಾತ್ರ ಹಪ್ಪಳದ ಸುದ್ದಿಯೇ ಇರಲಿಲ್ಲ. ಬರೆದವರು ಅರಸೀಕೆರೆ ಕಡೆಯ ಒಬ್ಬ ಸೋದರಿ. ಮಗಳು ಬಿ.ಸಿ.ಎ. ಎರಡನೆಯ ವರ್ಷಕ್ಕೆ ಕಾಲಿಡುತ್ತಿದ್ದಾಳೆ. ಇನ್ನು ಲ್ಯಾಪ್‌ಟಾಪ್ ಇಲ್ಲದೆ ನಡೆಯದು ಅಂತ ಕಾಲೇಜಿನಲ್ಲಿ ಹೇಳಿದ್ದಾರೆ. ಈಕೆ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಮೂರು ವರ್ಷದಲ್ಲಿ 42,000 ರೂಪಾಯಿ ಕೂಡಿಸಿಟ್ಟಿದ್ದಾರೆ.

"ಅಕ್ಕಾ, ಇದು ಒಂದೇ ಸಲ ಕೊಳ್ಳೋ ದುಡ್ಡು. ಕೆಟ್ಟರೆ ಇನ್ನೊಂದು ಕೊಳ್ಳೋ ತ್ರಾಣ ನಮ್ಮ ಮನೇಲಿಲ್ಲ. ಮೈದುನ ಒಂದು ಕಂಪೆನಿ ಹೆಸರು ಹೇಳಿ, ಅದು ಬಿಟ್ಟು ಬೇರೆ ಮುಟ್ಟಬೇಡಿ ಅಂತಾನೆ. ಅಂಗಡಿಯವನು ಅದನ್ನೇ ದೂರಿ ಇನ್ನೊಂದನ್ನ ಹೊಗಳ್ತಾನೆ. ಪಕ್ಕದ ಮನೆ ಹುಡುಗ ಎರಡಕ್ಕೂ ಮೂಗು ಮುರೀತಾನೆ. ಯಾರನ್ನ ನಂಬಲಿ? ಯಾವ ಕಂಪೆನಿ ಒಳ್ಳೇದು, ಯಾವುದರ ಕಡೆ ತಲೆ ಹಾಕಿ ಮಲಗಬಾರದು, ಒಂದು ಮಾತಲ್ಲಿ ಹೇಳಿಬಿಡಿ."

ಒಂದು ಮಾತಲ್ಲಿ! ನಾನೂ ಒಂದು ಕಾಲಕ್ಕೆ ಹಾಗೆ ಒಂದೇ ಮಾತಲ್ಲಿ ಹೇಳುತ್ತಿದ್ದವಳೇ. ಅದರಿಂದ ಏನಾಯಿತು ಅನ್ನುವುದನ್ನು ಮೊದಲು ಕೇಳಿ.

2017ರಲ್ಲಿ ನಮ್ಮ ಮಗ ಇಂಜಿನಿಯರಿಂಗ್ ಸೇರಿದಾಗ ದೊಡ್ಡ ಹೆಸರಿನ ಕಂಪೆನಿಯೊಂದರ ಲ್ಯಾಪ್‌ಟಾಪ್ ಕೊಡಿಸಿದೆವು. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ನಮ್ಮವರ ಭವಿಷ್ಯನಿಧಿಯಿಂದ ತೆಗೆದ ಹಣ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದೇ ಪೆಟ್ಟಿಗೆ ಬಿಚ್ಚಿದ್ದು. ವರ್ಷ ಪೂರ್ತಿ ಚೆನ್ನಾಗಿಯೇ ಇತ್ತು. ಹದಿನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಹುಡುಗ ಮುಚ್ಚಳ ತೆರೆದಾಗ 'ಟಕ್' ಎಂದಿತು ನೋಡಿ, ಕೀಲಿನ ಬುಡದಲ್ಲಿ ಪ್ಲಾಸ್ಟಿಕ್ಕು ಸೀಳಿ ಬಾಯಿ ಬಿಟ್ಟಿತ್ತು. ಪರದೆ ನೆಟ್ಟಗೆ ನಿಲ್ಲಲೊಲ್ಲದು. ಗೋಡೆಗೆ ಒರಗಿಸಿಕೊಂಡು ಪರೀಕ್ಷೆಗೆ ಓದಿದ, ಪಾಪ. ವಾರಂಟಿ ಇದ್ದದ್ದು ಹನ್ನೆರಡು ತಿಂಗಳಿಗೆ. ಸರ್ವಿಸ್ ಸೆಂಟರು ಜಿಲ್ಲಾ ಕೇಂದ್ರದಲ್ಲಿ, ಬಸ್ಸಿನಲ್ಲಿ ಎರಡು ಗಂಟೆ ದಾರಿ. ಮೊದಲ ಸಲ ಹೋದಾಗ ಇವತ್ತಿನ ಟೋಕನ್ ಮುಗಿಯಿತು ಎಂದರು. ಎರಡನೆಯ ಸಲ ನೀವೇ ಎಲ್ಲೋ ಬೀಳಿಸಿದ್ದೀರಿ ಎಂದರು. ಮೂರನೆಯ ಸಲ 11,000 ರೂಪಾಯಿ ಆಗುತ್ತದೆ ಎಂದರು.

ಅವತ್ತಿನಿಂದ ಮದುವೆ ಮನೆಯಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಲ್ಯಾಪ್‌ಟಾಪಿನ ಮಾತು ಬಂತೆಂದರೆ ಆ ಕಂಪೆನಿಗೆ ನನ್ನ ಹಿಡಿಶಾಪ ಶುರು. "ಅವರ ಸಾಮಾನು ಮಾತ್ರ ಬೇಡವೇ ಬೇಡ, ಇವರದ್ದು ತಗೊಳ್ಳಿ" ಅಂತ ಬೇರೊಂದು ಕಂಪೆನಿಯನ್ನು ಎತ್ತಿ ಹಿಡಿಯುತ್ತಿದ್ದೆ. ನನ್ನ ಮಾತು ನಂಬಿ ನಮ್ಮ ಓರಗಿತ್ತಿ ಅವಳ ಮಗಳಿಗೆ ಆ ಇನ್ನೊಂದು ಕಂಪೆನಿಯದ್ದೇ ಕೊಡಿಸಿದಳು. ಒಂದೂವರೆ ವರ್ಷಕ್ಕೆ ಅದರ ಕೀಲೂ ಅದೇ ಜಾಗದಲ್ಲಿ ಅದೇ ಥರ ಸೀಳಿತು! ಓರಗಿತ್ತಿ ಇವತ್ತಿಗೂ ಸಮಯ ಬಂದಾಗಲೆಲ್ಲ ಆ ಮಾತಿಗೊಂದು ಒಗ್ಗರಣೆ ಹಾಕದೆ ಬಿಡುವುದಿಲ್ಲ.

ತಪ್ಪು ನನ್ನದು ತಾನೇ? ಎರಡನ್ನೂ ಕೈಚೀಲದಲ್ಲಿ ಹಾಕಿಕೊಂಡು ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದಿರುವ ರಿಪೇರಿ ಹುಡುಗನ ಹತ್ತಿರ ಹೋದೆ. ಎರಡರ ಬೆನ್ನನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ. ಬಿಗಿಯಾದ ಕಬ್ಬಿಣದ ಕೀಲು, ಅದನ್ನು ಹಿಡಿದಿರುವುದು ಸಾಸಿವೆ ಡಬ್ಬಿಯ ಮುಚ್ಚಳದಷ್ಟು ತೆಳ್ಳಗಿನ ಪ್ಲಾಸ್ಟಿಕ್ಕಿಗೆ ಒತ್ತಿ ಕೂಡಿಸಿದ ಪುಟ್ಟ ಹಿತ್ತಾಳೆ ನಟ್ಟುಗಳು. ದಿನಾ ತೆರೆದು ಮುಚ್ಚಿದ ಹಾಗೆ ನಟ್ಟು ಕಿತ್ತು ಬರದೆ ಇನ್ನೇನು? "ಕಂಪೆನಿ ಬೇರೆ ಅಮ್ಮಾ, ಕಟ್ಟಿರೋ ಕ್ರಮ ಒಂದೇ. ಎರಡೂ ಕಡಿಮೆ ಬೆಲೆ ಸಾಲಿನವು" ಎಂದ. ಆಮೇಲೆ ಮೇಜಿನ ಕೆಳಗಿಂದ ತನ್ನದೇ ಕರೀ ಲ್ಯಾಪ್‌ಟಾಪ್ ತೆಗೆದ. ಯಾವುದೋ ಆಫೀಸಿನಿಂದ ಹರಾಜಿಗೆ ಬಂದದ್ದಂತೆ, ಎಂಟು ವರ್ಷ ಹಳೆಯದು. ಮುಚ್ಚಳ ಒಂದೇ ಬೆರಳಲ್ಲಿ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತದೆ. ಮೇಲಿನ ಹೆಸರು ನೋಡಿದೆ. ನಾನು ಊರೆಲ್ಲ ಬೈದುಕೊಂಡು ತಿರುಗಿದ ಕಂಪೆನಿಯದ್ದೇ!

ಅಲ್ಲಿಂದ ಮೇಲೆ ನಾನು ಈ ವಿಷಯ ಸ್ವಲ್ಪ ಓದಿ, ಕೇಳಿ ತಿಳಿದುಕೊಂಡೆ. ನಮ್ಮಂಥ ಗೃಹಿಣಿಯರು ಮಾತ್ರವಲ್ಲ, ಗಂಡಸರು, ಕಲಿತವರು, ಇದೇ ಕೆಲಸ ಮಾಡುವವರೂ ಹೆಸರಿನ ಬೆನ್ನು ಹತ್ತಿ ಏಮಾರಿದ್ದಾರೆ ಅಂತ ಗೊತ್ತಾದಾಗ ನನಗೂ ಒಂದಿಷ್ಟು ಸಮಾಧಾನವಾಯಿತು ಅನ್ನಿ.

ಹಾರ್ಡ್ ಡಿಸ್ಕ್ ಅಂತ ಕೇಳಿರುತ್ತೀರಿ. ಕಂಪ್ಯೂಟರಿನಲ್ಲಿ ಫೋಟೋ, ಕಾಗದಪತ್ರ ಎಲ್ಲ ಶೇಖರವಾಗುವ ಉಗ್ರಾಣ ಅದು. ಅಮೆರಿಕದ ಐಬಿಎಂ ಎಂದರೆ ಕಂಪ್ಯೂಟರ್ ಲೋಕದ ಹಿರಿಯ ಮನೆತನ, ಹಾರ್ಡ್ ಡಿಸ್ಕನ್ನು 1956ರಲ್ಲಿ ಮೊದಲು ಮಾರುಕಟ್ಟೆಗೆ ತಂದವರೇ ಅವರು. ಆ ಮನೆಯಿಂದಲೇ 2000ದಲ್ಲಿ 'ಡೆಸ್ಕ್‌ಸ್ಟಾರ್' ಹೆಸರಿನ ಒಂದು ಮಾದರಿ ಬಂತು, 75ಜಿಎಕ್ಸ್‌ಪಿ ಅಂತ. ಅದು ಎಷ್ಟು ಬೇಗ ಬೇಗ ಕೆಟ್ಟಿತೆಂದರೆ ಜನ ಅದಕ್ಕೆ 'ಡೆತ್‌ಸ್ಟಾರ್' ಅಂತ ಅಡ್ಡಹೆಸರಿಟ್ಟರು, ಕೊಂಡವರು 2001ರಲ್ಲಿ ಕೋರ್ಟಿಗೆ ಹೋದರು. ಐಬಿಎಂ ತನ್ನ ಡಿಸ್ಕ್ ವ್ಯಾಪಾರವನ್ನೇ ಜಪಾನಿನ ಹಿಟಾಚಿಗೆ ಮಾರಿತು. ಆಗ ಯಾರನ್ನು ಕೇಳಿದರೂ ಡೆಸ್ಕ್‌ಸ್ಟಾರ್ ಹೆಸರಿದ್ದರೆ ದೂರ ಇರಿ ಎನ್ನುತ್ತಿದ್ದರು.

ಈಗ ಮುಂದಿನದು ಕೇಳಿ. ಅಮೆರಿಕದಲ್ಲಿ ಬ್ಯಾಕ್‌ಬ್ಲೇಜ್ ಅಂತ ಒಂದು ಕಂಪೆನಿ ಇದೆ. ಜನರ ಕಡತಗಳನ್ನು ಕಾಪಾಡಿಕೊಡುವುದು ಅದರ ವೃತ್ತಿ, ಸಾವಿರಗಟ್ಟಲೆ ಡಿಸ್ಕುಗಳನ್ನು ಹಗಲೂ ರಾತ್ರಿ ಓಡಿಸುತ್ತದೆ. ಯಾವ ಮಾದರಿ ಎಷ್ಟು ಕೆಟ್ಟಿತು ಅನ್ನುವ ಲೆಕ್ಕವನ್ನು 2013ರಿಂದ ಬಹಿರಂಗವಾಗಿ ಹೇಳುತ್ತ ಬಂದಿದೆ. ಅವರ ಲೆಕ್ಕದಲ್ಲಿ ಅತಿ ಕಡಿಮೆ ಕೆಟ್ಟವುಗಳ ಸಾಲಿನಲ್ಲಿದ್ದದ್ದು ಯಾವುದು ಗೊತ್ತೇ? ಹಿಟಾಚಿಯ ಡೆಸ್ಕ್‌ಸ್ಟಾರ್! ಹೆಸರು ಅದೇ, ಗುಣ ಅಜಗಜಾಂತರ. ಅದೇ ಲೆಕ್ಕದಲ್ಲಿ ಸೀಗೇಟ್ ಕಂಪೆನಿಯ 3 ಟಿಬಿ ಡಿಸ್ಕಿನ ಒಂದು ಮಾದರಿ ಇತ್ತು. 2012ರಲ್ಲಿ ಹಾಕಿದವುಗಳ ಪೈಕಿ 2015ರ ಮಾರ್ಚಿ ಹೊತ್ತಿಗೆ ನೂರಕ್ಕೆ ಹತ್ತು ಮಾತ್ರ ಕೆಲಸದಲ್ಲಿ ಉಳಿದಿದ್ದವು. ಅಯ್ಯೋ, ಹಾಗಾದರೆ ಸೀಗೇಟೇ ಬೇಡ ಅನ್ನೋಣವೇ? ಅದೇ ಸೀಗೇಟಿನ 4 ಟಿಬಿ ಡಿಸ್ಕುಗಳು ಅದೇ ಕಂಪೆನಿಯಲ್ಲಿ ಹೇಳಿಕೊಳ್ಳುವಂಥ ತಕರಾರಿಲ್ಲದೆ ದುಡಿದವು. ಮನೆತನ ನೋಡಿ ಹೆಣ್ಣು ತಂದರೂ ಅಕ್ಕನ ಸ್ವಭಾವವೇ ತಂಗಿಗೂ ಇರಬೇಕೆಂಬ ಕಟ್ಟಳೆ ಎಲ್ಲಿದೆ ಹೇಳಿ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಮನೆಯ ಸೀಲಿಂಗ್ ಫ್ಯಾನು ನಿಧಾನವಾದರೆ ಎಲೆಕ್ಟ್ರಿಷಿಯನ್ ಬಂದು 'ಕಂಡೆನ್ಸರ್ ಹೋಗಿದೆ' ಅಂತ ಒಂದು ಪುಟ್ಟ ಡಬ್ಬಿ ಬದಲಿಸುತ್ತಾನಲ್ಲ, ಆ ಜಾತಿಯ ಪುಟಾಣಿ ಭಾಗಗಳು ಕಂಪ್ಯೂಟರಿನ ಹಲಗೆಯ ಮೇಲೂ ಸಾಲಾಗಿ ನಿಂತಿರುತ್ತವೆ. 2000ದ ಆಚೀಚೆ ವರ್ಷಗಳಲ್ಲಿ ತಯಾರಾದ ಇಂಥ ಭಾಗಗಳಲ್ಲಿ ಎಷ್ಟೋ ಕೆಟ್ಟವಾಗಿದ್ದವು. ಸ್ವಲ್ಪ ಕಾಲಕ್ಕೆ ತಲೆ ಉಬ್ಬಿ, ಒಳಗಿನ ದ್ರವ ಸೋರಿ, ಯಂತ್ರ ಸತ್ತೇ ಹೋಗುತ್ತಿತ್ತು. ಡೆಲ್ ಕಂಪೆನಿ 2003ರಿಂದ 2005ರವರೆಗೆ ಕಳಿಸಿದ ಕಂಪ್ಯೂಟರುಗಳ ಪೈಕಿ 1 ಕೋಟಿ 18 ಲಕ್ಷದಷ್ಟು ಈ ಅಪಾಯದಲ್ಲಿದ್ದವು ಅಂತ ಆಮೇಲೆ ಕೋರ್ಟಿನ ಕಾಗದಪತ್ರದಿಂದ ಹೊರಬಿತ್ತು. ರಿಪೇರಿ, ಬದಲಾವಣೆಯ ಬಾಬ್ತಿಗೆ ಡೆಲ್ 30 ಕೋಟಿ ಡಾಲರ್ ಎತ್ತಿಡಬೇಕಾಯಿತು. ಡೆಲ್ ಒಂದೇ ಅಲ್ಲ, ಆಪಲ್, ಎಚ್‌ಪಿ ಯಂತ್ರಗಳೂ ಇದೇ ರೋಗಕ್ಕೆ ಸಿಕ್ಕಿದವು. ತಮಾಷೆ ಎಂದರೆ ಡೆಲ್‌ಗೆ ಆ ಭಾಗಗಳನ್ನು ಕೊಟ್ಟದ್ದು ಯಾವುದೋ ಹೆಸರಿಲ್ಲದ ಗಲ್ಲಿ ಕಂಪೆನಿಯಲ್ಲ, ಜಪಾನಿನ ಹೆಸರಾಂತ ನಿಚಿಕಾನ್.

ಊರಿನ ಒಬ್ಬ ವರ್ತಕನ ಬೇಳೆಯಲ್ಲಿ ಹುಳು ಬಿದ್ದರೆ ಊರಿನ ಎಲ್ಲ ಹೋಟೆಲಿನ ಸಾಂಬಾರೂ ಕೆಡುತ್ತದೆ. ಬೋರ್ಡಿನ ಮೇಲೆ ಯಾವ ಭವನ ಅಂತ ಬರೆದಿದ್ದರೇನು? ಕಂಪ್ಯೂಟರಿನ ಕಥೆಯೂ ಇದೇ. ಮೇಲೆ ಹೊಳೆಯುವ ಹೆಸರಿನವರು ಬಹಳ ಸಲ ತಾವೇ ಮಾಡಿದವರಲ್ಲ. ಎಚ್‌ಪಿ, ಡೆಲ್ ಮೊದಲಾದವರ ಲ್ಯಾಪ್‌ಟಾಪುಗಳನ್ನು ಕೂಡಿಸಿಕೊಡುವುದು ಹೆಚ್ಚಾಗಿ ಕ್ವಾಂಟಾ, ಕಾಂಪಾಲ್‌ನಂಥ ತೈವಾನಿನ ಕಂಪೆನಿಗಳು. ಹಾರ್ಡ್ ಡಿಸ್ಕ್ ಮಾಡುವವರು ಇಡೀ ಜಗತ್ತಿನಲ್ಲಿ ಈಗ ಉಳಿದಿರುವುದು ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಹಿಟಾಚಿಯ ಡಿಸ್ಕ್ ವ್ಯಾಪಾರವೂ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಮನೆ ಸೇರಿತು.

ಹಾಗಂತ ಎಲ್ಲವೂ ಒಂದೇ, ಕಣ್ಣು ಮುಚ್ಚಿ ಯಾವುದಾದರೂ ಕೊಳ್ಳಿ ಅಂತಲೂ ನಾನು ಹೇಳುವುದಿಲ್ಲ. ಒಂದು ಕಂಪೆನಿಯೊಳಗೇ ಇರುವ ಸಾಲುಗಳನ್ನು ನೋಡಿ. ರೇಷ್ಮೆ ಅಂಗಡಿಯಲ್ಲಿ ಗದ್ದಿಗೆಯ ಮೇಲೆ ಬಿಚ್ಚಿ ತೋರಿಸುವ ಸೀರೆಯೂ ಇರುತ್ತದೆ, ಬಾಗಿಲಲ್ಲಿ ರಾಶಿ ಹಾಕಿದ ಸೀರೆಯೂ ಇರುತ್ತದೆ. ಚೀಲದ ಮೇಲಿನ ಹೆಸರು ಒಂದೇ ಅಲ್ಲವೇ? ಲೆನೊವೊದಲ್ಲಿ ಐಡಿಯಾಪ್ಯಾಡ್ ಮನೆಮಂದಿಗೆ, ಥಿಂಕ್‌ಪ್ಯಾಡ್ ಆಫೀಸಿಗೆ. ಎಚ್‌ಪಿಯಲ್ಲಿ ಪೆವಿಲಿಯನ್ ಮನೆಗೆ ಅಂತಿತ್ತು, ಪ್ರೋಬುಕ್, ಎಲೈಟ್‌ಬುಕ್ ಆಫೀಸಿಗೆ. ಡೆಲ್‌ನಲ್ಲಿ ಇನ್‌ಸ್ಪಿರಾನ್ ಮನೆಗೆ, ಲ್ಯಾಟಿಟ್ಯೂಡ್ ಆಫೀಸಿಗೆ ಅಂತಿತ್ತು. 2025ರಲ್ಲಿ ಅವರು ಹೆಸರುಗಳನ್ನೇ ಬದಲಿಸಿ ಆಫೀಸಿನ ಸಾಲಿಗೆ 'ಡೆಲ್ ಪ್ರೋ' ಅಂತ ಇಟ್ಟರು. ಏಸರ್‌ನಲ್ಲಿ ಆಸ್ಪೈರ್ ಮತ್ತು ಟ್ರಾವೆಲ್‌ಮೇಟ್. ಆಫೀಸಿನ ಸಾಲಿನವು ನೋಡಲು ಅಂಥಾ ಚೆಂದವಿರುವುದಿಲ್ಲ, ಬೆಲೆಯೂ ಜಾಸ್ತಿ. ಆದರೆ ಕೀಲು ಗಟ್ಟಿ, ಬಿಚ್ಚಲು ಸುಲಭ, ಬಿಡಿ ಭಾಗ ವರ್ಷಗಟ್ಟಲೆ ಸಿಗುತ್ತವೆ. ನಮ್ಮ ರಿಪೇರಿ ಹುಡುಗನ ಕರೀ ಪೆಟ್ಟಿಗೆ ಈ ಜಾತಿಯದ್ದು.

ಯಂತ್ರ ಗಟ್ಟಿಯಾಗಿರುವುದು ಒಂದು, ಮಾರಿದವರ ನಡತೆ ಇನ್ನೊಂದು. ಅದರಲ್ಲೂ ಈ ಸಾಲಿನ ಭೇದ ಇದೆ ನೋಡಿ. 2014ರ ಕೊನೆಯಿಂದ ಕೆಲವು ತಿಂಗಳು ಲೆನೊವೊ ಕಂಪೆನಿ ತನ್ನ ಮನೆಬಳಕೆಯ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಅನ್ನುವ ಜಾಹೀರಾತು ತುರುಕುವ ತಂತ್ರಾಂಶವನ್ನು ತಾನೇ ಹಾಕಿ ಮಾರಿತ್ತು. ಬ್ಯಾಂಕಿನ ವ್ಯವಹಾರದಂಥ ಬೀಗ ಹಾಕಿದ ಮಾತುಕತೆಯ ನಡುವೆಯೂ ಅದು ಇಣುಕಬಲ್ಲದಾಗಿತ್ತು. 2015ರ ಫೆಬ್ರವರಿಯಲ್ಲಿ ಗುಟ್ಟು ರಟ್ಟಾಗಿ ಕಂಪೆನಿ ತಪ್ಪೊಪ್ಪಿಕೊಂಡು ಅದನ್ನು ತೆಗೆಸಿತು. ಅದೇ ಕಂಪೆನಿಯ ಥಿಂಕ್‌ಪ್ಯಾಡುಗಳಲ್ಲಿ ಅದು ಇರಲೇ ಇಲ್ಲ.

ಇನ್ನು ಈ ಹೆಸರುಗಳಾದರೂ ಶಾಶ್ವತವೇ? ನಮ್ಮ ಸಂತೂರ್ ಸಾಬೂನಿನ ವಿಪ್ರೋದವರು ಮೈಸೂರಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮಾಡುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2013ರಲ್ಲಿ ಅವರು ಅದನ್ನು ಕೈಬಿಟ್ಟರು. ಐಬಿಎಂ ಕಂಪ್ಯೂಟರ್ ವಿಭಾಗ 2005ರಲ್ಲಿ ಲೆನೊವೊಗೆ ಹೋಯಿತು. ಥಿಂಕ್‌ಪ್ಯಾಡ್ ಹುಟ್ಟಿದ್ದು ಆ ಮನೆಯಲ್ಲೇ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯ ಪಾಲಾಯಿತು. 2014ರಲ್ಲಿ ಸೋನಿಯವರು ವಾಯೊ ಮಾರಿಬಿಟ್ಟರು. 'ನಮ್ಮಣ್ಣ ಇಪ್ಪತ್ತು ವರ್ಷದ ಹಿಂದೆ ಕೊಂಡಿದ್ದ, ಎಷ್ಟು ಚೆನ್ನಾಗಿತ್ತು' ಅಂತ ಹೆಸರು ಹಿಡಿದು ಹೋದರೆ ಅದನ್ನು ಮಾಡಿದ ಕೈ ಈಗ ಅಲ್ಲಿ ಇದೆಯೋ ಇಲ್ಲವೋ!

ಅದಕ್ಕೇ ನಾನೀಗ 'ಯಾವ ಕಂಪೆನಿ ಒಳ್ಳೇದು' ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಕೇಳುವುದಿದ್ದರೆ ರಿಪೇರಿಯವನನ್ನು ಕೇಳುತ್ತೇನೆ, ಅದೂ ಬೇರೆ ಥರ: "ನಿನ್ನ ಹತ್ತಿರ ಈ ವರ್ಷ ಯಾವ ಮಾದರಿ ಹೆಚ್ಚು ಬಂದವು? ಏನಾಗಿ ಬಂದವು? ಯಾವುದರ ಬಿಡಿ ಭಾಗಕ್ಕೆ ತಿಂಗಳುಗಟ್ಟಲೆ ಕಾದೆ?" ಮಾರುವವನಿಗೆ ಕಮಿಷನ್ ಇದೆ, ಕೊಂಡವರಿಗೆ ತಾವು ಕೊಂಡದ್ದರ ಅಭಿಮಾನ ಇದೆ. ಬಿಚ್ಚುವವನಿಗೆ ಈ ಎರಡೂ ಇಲ್ಲ. ಆದರೂ ಒಂದು ಎಚ್ಚರಿಕೆ. ಹೆಚ್ಚು ಮಾರಾಟವಾಗುವ ಕಂಪೆನಿಯದು ಅವನ ಮೇಜಿಗೆ ಹೆಚ್ಚು ಬರುವುದು ಸಹಜ. ಎಷ್ಟು ಬಂದವು ಅನ್ನುವುದಕ್ಕಿಂತ ಎಷ್ಟು ಬೇಗ ಬಂದವು, ಒಂದೇ ರೋಗಕ್ಕೆ ಬಂದವೋ ಅನ್ನುವುದನ್ನು ಕೇಳಿ.

ಎರಡನೆಯದು ಸರ್ವಿಸ್. ಊರೂರಲ್ಲಿ ಸಂಬಂಧ ಬೆಳೆಸುವಾಗ ತವರು ಎಷ್ಟು ದೂರ ಅಂತ ನೋಡುವುದಿಲ್ಲವೇ? ಹಾಗೆ ಇದನ್ನೂ ನೋಡಬೇಕು. ಬೆಂಗಳೂರಿನವರಿಗೆ ಹೇಳಿದ ಸಲಹೆ ನಮ್ಮಂಥ ಸಣ್ಣ ಊರಿನವರಿಗೆ ಹೊಂದದೆ ಹೋಗುವುದು ಇಲ್ಲೇ. ವಾರಂಟಿಯಲ್ಲಿ ಎರಡು ಬಗೆ. ಕೆಟ್ಟರೆ ನೀವೇ ಹೊತ್ತುಕೊಂಡು ಹೋಗಬೇಕಾದದ್ದು ಒಂದು, ಅವರ ಮನುಷ್ಯ ಮನೆಗೆ ಬಂದು ನೋಡುವ 'ಆನ್‌ಸೈಟ್' ಇನ್ನೊಂದು. ಒಂದೇ ಕಂಪೆನಿಯಲ್ಲೂ ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ನಿಮ್ಮ ಊರಿನ ಪಿನ್‌ಕೋಡಿಗೆ ಮನೆಗೆ ಬರುತ್ತಾರೋ ಇಲ್ಲವೋ ಅನ್ನುವುದನ್ನು ಕಂಪೆನಿಗೇ ಫೋನ್ ಮಾಡಿ ಕೇಳಿ, ಅಂಗಡಿಯವನ 'ಬರ್ತಾರೆ ಬನ್ನಿ ಅಮ್ಮ' ಅನ್ನುವ ಮಾತನ್ನು ನೆಚ್ಚಬೇಡಿ. ಒಂದು ವರ್ಷದ ವಾರಂಟಿಯನ್ನು ಎರಡು ಮೂರು ವರ್ಷಕ್ಕೆ ಏರಿಸಲು ಕೊಡುವ ಹಣ ದಂಡ ಅನ್ನಿಸುತ್ತದೆ. ಹದಿನಾಲ್ಕನೆಯ ತಿಂಗಳಿನ 'ಟಕ್' ಕೇಳಿದವಳಿಗೆ ಹಾಗನ್ನಿಸುವುದಿಲ್ಲ. ಏರಿಸುವುದಿದ್ದರೆ ಕಂಪೆನಿಯದ್ದನ್ನೇ ಏರಿಸಿ. ಅಂಗಡಿಯವರು ತಮ್ಮದೇ ಚೀಟಿ ಕೊಟ್ಟು 'ಇದೂ ವಾರಂಟಿನೇ' ಎಂದರೆ ಆ ಚೀಟಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಮೊದಲು ಓದಿಸಿ.

ಒಳಗಿನ ಸಾಮಾನಿನ ವಿಚಾರ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಇದನ್ನು ಮಗಳೇ ನೋಡಿಕೊಂಡಾಳು. 'ಐ5' ಅಂತ ದೊಡ್ಡದಾಗಿ ಬರೆದ ಮಾತ್ರಕ್ಕೆ ಹೊಸದಲ್ಲ. ಹತ್ತು ವರ್ಷದ ಹಿಂದಿನದೂ ಐ5, ನಿನ್ನೆ ಮೊನ್ನೆಯದೂ ಐ5. ಅದರ ಮುಂದಿನ ಅಂಕಿ ನೋಡಬೇಕು. ಅಂಕಿಯೂ ಕಣ್ಣು ಕಟ್ಟುತ್ತದೆ. ಎಎಂಡಿಯವರ ರೈಜನ್ 7520ಯು 2022ರಲ್ಲಿ ಬಂದದ್ದು, ಒಳಗಿನ ವಿನ್ಯಾಸದ ಮೂಲ ಮಾತ್ರ 2019ರದ್ದು. ಮೂರನೆಯ ಅಂಕಿ 2 ಎಂದರೆ ಅದೇ ಅರ್ಥ. ಹಳೇ ಸೀರೆಗೆ ಹೊಸ ಅಂಚು! ಸ್ಮೃತಿ ಎನ್ನುವ ರ್‍ಯಾಮ್ 16 ಜಿಬಿ ಇದ್ದರೆ ಒಳ್ಳೆಯದು. 8 ಇದ್ದರೆ ಮುಂದೆ ಸೇರಿಸಲು ಖಾಲಿ ಜಾಗ ಇರಲೇಬೇಕು. ಕೆಲವು ಮಾದರಿಗಳಲ್ಲಿ ಅದನ್ನು ಹಲಗೆಗೇ ಬೆಸೆದುಬಿಟ್ಟಿರುತ್ತಾರೆ, ಆಮೇಲೆ ಏನೂ ಮಾಡಲಾಗದು.

ಅರಸೀಕೆರೆಯ ಸೋದರಿಗೆ ನನ್ನ ಮಾತು ಹೀಗೆ. ನಿಮ್ಮ 42,000ಕ್ಕೆ ಎರಡು ದಾರಿ ಇವೆ. ಒಂದು, ಮನೆಬಳಕೆ ಸಾಲಿನ ಹೊಸದು. ಪೂರಾ ಹಣವನ್ನು ಯಂತ್ರಕ್ಕೇ ಸುರಿಯದೆ ನಾಲ್ಕೈದು ಸಾವಿರ ವಾರಂಟಿ ಏರಿಸಲು ಎತ್ತಿಟ್ಟುಕೊಳ್ಳಿ. ಎರಡು, ಆಫೀಸಿನಲ್ಲಿ ಮೂರು ನಾಲ್ಕು ವರ್ಷ ದುಡಿದ ಗಟ್ಟಿ ಸಾಲಿನದು, ರಿಪೇರಿ ಮಾಡಿ ಬಿಲ್ಲು, ವಾರಂಟಿ ಸಮೇತ ಮಾರುವವರಿಂದ. ಸೆಕೆಂಡ್‌ಹ್ಯಾಂಡ್ ಅಂತ ಮುಖ ಸಿಂಡರಿಸಬೇಡಿ. ಆದರೆ ಒಂದು ಷರತ್ತು ಇದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿದೆ. ವಿಂಡೋಸ್ 11 ಸರಿಯಾಗಿ ಕೂರಬೇಕಾದರೆ ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನದು ಬೇಕು. ಆರನೆಯದನ್ನೋ ಏಳನೆಯದನ್ನೋ ಥಳಥಳ ಒರೆಸಿ ಅಗ್ಗಕ್ಕೆ ಕೊಡುತ್ತಾರೆ, ತರಬೇಡಿ. ಈ ಎರಡು ದಾರಿಯಲ್ಲಿ ಯಾವುದು ಅಂತ ಕೇಳಿದರೆ, ನಿಮ್ಮೂರಲ್ಲಿ ಒಳ್ಳೆಯ ರಿಪೇರಿಯವನಿದ್ದರೆ ನಾನು ಎರಡನೆಯದಕ್ಕೆ ಹೋಗುತ್ತಿದ್ದೆ. ಇಲ್ಲದಿದ್ದರೆ ಮೊದಲನೆಯದು.

ಅಂಗಡಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ದಿನಾ ಕೀಲಿಮಣೆ ಒತ್ತುವವಳು ಅವಳು. ಮುಚ್ಚಳವನ್ನು ಹತ್ತು ಸಲ ತೆರೆದು ಮುಚ್ಚಿ, ಯಾರು ನಕ್ಕರೂ ನಗಲಿ. ಮೂಲೆ ಹಿಡಿದು ಎತ್ತಿದಾಗ ಮೈ ಬಳುಕಿದರೆ ಬಿಟ್ಟುಬಿಡಿ. ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪೆನಿಯ ತಾಣದಲ್ಲಿ ಅಲ್ಲೇ ಮೊಬೈಲಿನಲ್ಲಿ ಹಾಕಿ ನೋಡಿದರೆ ವಾರಂಟಿ ಎಂದು ಶುರುವಾಗಿದೆ ಅಂತ ಬರುತ್ತದೆ. ಹೊಸದೆಂದು ಕೊಡುತ್ತಿರುವುದರ ವಾರಂಟಿ ಆರು ತಿಂಗಳ ಹಿಂದೆಯೇ ಶುರುವಾಗಿದ್ದರೆ ಅರ್ಥವಾಯಿತಲ್ಲ? ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೂ ಇರಬೇಕು, ಆ ಸೀರಿಯಲ್ ನಂಬರೂ ಇರಬೇಕು. 'ಬಿಲ್ಲು ಬೇಡವೆಂದರೆ ಎರಡು ಸಾವಿರ ಬಿಡ್ತೀನಿ' ಅನ್ನುವವನಿಗೆ ಅಲ್ಲಿಂದಲೇ ನಮಸ್ಕಾರ ಹಾಕಿ ಬನ್ನಿ. ನಮ್ಮ ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು ನೋಡುವ ಹಾಗೆ, ಲ್ಯಾಪ್‌ಟಾಪಿನ ಮೇಲೂ ಅದರ ಚಾರ್ಜರಿನ ಮೇಲೂ ಬಿಐಎಸ್ ನೋಂದಣಿ ಗುರುತು ಇರಬೇಕೆಂದು ಸರ್ಕಾರಿ ಆಜ್ಞೆ ಇದೆ. 'ಆರ್' ಅಕ್ಷರದಿಂದ ಶುರುವಾಗುವ ನಂಬರು ಅದು, ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಬಹುದು. ಮುಖ್ಯವಾಗಿ ಮೂಲ ಚಾರ್ಜರ್ ಹಾಳಾಗಿ ಇನ್ನೊಂದು ತರುವಾಗ ಇದನ್ನು ಮರೆಯಬೇಡಿ. ಮುನ್ನೂರು ರೂಪಾಯಿ ಚಾರ್ಜರು ನಲವತ್ತು ಸಾವಿರದ ಯಂತ್ರವನ್ನು ಸುಟ್ಟೀತು.

ಕಣ್ಣುಮುಚ್ಚಿ ದೂರ ಇಡಬೇಕಾದ ಒಂದು ಜಾತಿಯೂ ಇದೆ, ಅದಕ್ಕೆ ಹೆಸರೇ ಇರುವುದಿಲ್ಲ. ಸಾವಿರದೈನೂರು ರೂಪಾಯಿಗೆ '16 ಟಿಬಿ' ಅಂತ ಮೊಬೈಲಿನ ಜಾಹೀರಾತಿನಲ್ಲಿ ಬರುತ್ತದಲ್ಲ, ಅಂಥ ಡಿಸ್ಕು, ಪೆನ್‌ಡ್ರೈವು. ಒಳಗೆ ಚಿಕ್ಕದೊಂದು ಮೆಮೊರಿ ಕಾರ್ಡ್ ಅಂಟಿಸಿ, ಕೇಳಿದರೆ ದೊಡ್ಡ ಅಂಕಿ ಹೇಳುವಂತೆ ಕಲಿಸಿಟ್ಟಿರುತ್ತಾರೆ. ತುಂಬಿದಂತೆ ಹಿಂದಿನದರ ಮೇಲೇ ಬರೆಯುತ್ತ ಹೋಗುತ್ತದೆ. ಮದುವೆಯ ಫೋಟೋ ಹಾಕಿದ್ದೇವೆಂದು ನೀವು ನಿಶ್ಚಿಂತೆಯಾಗಿದ್ದರೆ, ತೆರೆದು ನೋಡಿದಾಗ ಧಾರೆಯೂ ಇಲ್ಲ, ಆರತಕ್ಷತೆಯೂ ಇಲ್ಲ. ಹೆಸರಾಂತ ಕಂಪೆನಿಯ ಡಿಸ್ಕಾದರೂ ಅಷ್ಟೇ, ಮಗಳ ಪ್ರಾಜೆಕ್ಟಿನ ಒಂದು ಪ್ರತಿ ಇನ್ನೊಂದು ಕಡೆ ಇರಲಿ. ಬೀರುವಿನ ಬೀಗದ ಕೈ ಎರಡು ಮಾಡಿಸಿ ಒಂದನ್ನು ಅಮ್ಮನ ಮನೆಯಲ್ಲಿ ಇಡುವುದಿಲ್ಲವೇ, ಹಾಗೆ.

ಕೊಂಡ ಮೇಲೂ ಮೋಸವಾದರೆ ಸುಮ್ಮನಾಗಬೇಡಿ. ನನ್ನ ಹಾಗೆ ಮೂರು ಸಲ ಬಸ್ ಹತ್ತಿ ಅತ್ತುಕೊಂಡು ಬರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915, ಕನ್ನಡದಲ್ಲೂ ಮಾತಾಡಬಹುದು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪೆನಿ ಎಲ್ಲಿಯದಾದರೂ ಸರಿ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ, ವಕೀಲರೂ ಬೇಕೇಬೇಕೆಂದಿಲ್ಲ. ಅಲ್ಲಿ ಮೊದಲು ಕೇಳುವುದು ಬಿಲ್ಲನ್ನು. ಅದರ ಅಕ್ಷರ ಬೇಗ ಮಾಸಿಹೋಗುತ್ತದೆ, ಕೊಂಡ ದಿನವೇ ಒಂದು ಜೆರಾಕ್ಸ್ ಮಾಡಿಸಿ ಪಡಿತರ ಚೀಟಿಯ ಜೊತೆ ಇಡಿ.

ಸೋದರಿ, ಕೊಂಡ ಮೇಲೆ ಒಂದು ಸಾಲು ಬರೆಯಿರಿ. ಕಂಪೆನಿಯ ಹೆಸರು ಬರೆಯದಿದ್ದರೂ ನಡೆಯುತ್ತದೆ, ಮಾದರಿಯ ನಂಬರು ಬರೆಯಿರಿ, ನಮ್ಮ ರಿಪೇರಿ ಹುಡುಗನಿಗೆ ತೋರಿಸುತ್ತೇನೆ. ಹಪ್ಪಳದ ಬಗ್ಗೆ ಕೇಳಿದವರ ಪ್ರಶ್ನೆಗಳು ಹಾಗೇ ಉಳಿದಿವೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಮುಗ್ಗದಂತೆ ಇಡುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಖಂಡಿತ ಬರೆಯುತ್ತೇನೆ.